ಹದಿಮೂರನೇ ನಕ್ಷತ್ರದ ಕಚ್ಚು

ಅಮ್ಮ ನನ್ನ 1812ರ ಅರ್ಧ ಡಾಲರನ್ನು ವಿಭೂತಿ ಹಾಕಿ ತಿಕ್ಕಿದ್ದು 2016ರ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಸಾಗರದಿಂದ ಬಂದು ಇಲ್ಲಿ ಅಮೆರಿಕದ ಚೆರಿ ಹಿಲ್‌ನಲ್ಲಿ ನಮ್ಮ ಜೊತೆ ಆರು ತಿಂಗಳು ಇದ್ದರು. ನಾನು ಲ್ಯಾಬಿಗೆ ಹೋಗಿದ್ದೆ. ಹಿಂದಿನ ರಾತ್ರಿ ನೋಡುತ್ತ ಕೂತಿದ್ದ ನಾಣ್ಯವನ್ನು ಪುಟ್ಟ ಕಾಗದದ ಲಕೋಟೆಗೆ ಹಾಕಿ ಊಟದ ಮೇಜಿನ ಮೇಲೆಯೇ ಬಿಟ್ಟಿದ್ದೆ. ಅಮ್ಮ ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆ ಎಲ್ಲ ತೆಗೆದು ಬೆಳಗಲು ಕೂತಿದ್ದರು. ಬೆಳ್ಳಿ ಅಂದರೆ ಬೆಳ್ಳಿ. ನಾಣ್ಯವೂ ಸೇರಿತು.

ಸಂಜೆ ನಾನು ಒಳಗೆ ಬರುತ್ತಿದ್ದಂತೆ ಅಂಗೈಯಲ್ಲಿಟ್ಟು ತೋರಿಸಿದರು. "ಎಷ್ಟು ಕಪ್ಪಾಗಿತ್ತೇ ಇದು! ಈಗ ನೋಡು."

ಹೊಳೆಯುತ್ತಿತ್ತು. ನನಗೆ ಮಾತು ಹೊರಡಲಿಲ್ಲ. ಕೈ ತೊಳೆದು ಬರ್ತೀನಿ ಎಂದು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅದರ ಮೈಮೇಲೆ ತೆಳುವಾದ ಬೂದು ಬಣ್ಣ ಇತ್ತು. ಅಂಚಿಗೆ ಹೋದ ಹಾಗೆ ಅದೇ ಬೂದು ನೀಲಿಯಾಗುತ್ತಿತ್ತು, ಅಕ್ಷರಗಳ ಸಂದಿಯಲ್ಲಿ ಜೇನಿನ ಬಣ್ಣ. ಇನ್ನೂರು ವರ್ಷ ಗಾಳಿಯಲ್ಲಿದ್ದ ಗಂಧಕ ಬೆಳ್ಳಿಯ ಜೊತೆ ನಿಧಾನಕ್ಕೆ ಸೇರಿ ಕೂತ ಪದರ ಅದು. ಅರ್ಧ ಗಂಟೆಯಲ್ಲಿ ಹೋಯಿತು. ಮತ್ತೆ ಬರುವುದಿಲ್ಲ. ಬಂದರೂ ಹಾಗೆ ಬರುವುದಿಲ್ಲ.

ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಅದು ಮನೆಯವರ ಅಸಡ್ಡೆ. ಹಬ್ಬಕ್ಕೆ ಬೆಳ್ಳಿ ಬೆಳಗಬೇಕು. ಮರುದಿನ ಆ ನಾಣ್ಯವನ್ನು ಕಲಶದ ಮುಂದೆ ವೀಳ್ಯದೆಲೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಅದರ ಮೇಲೆ ಲಿಬರ್ಟಿ ಎಂಬ ಹೆಂಗಸಿನ ಮುಖ ಇದೆ, ತಲೆಗೆ ಟೋಪಿ, ಭುಜದ ಮೇಲೆ ಗುಂಗುರು ಕೂದಲು. ಅಮ್ಮ ಅವಳನ್ನು ಲಕ್ಷ್ಮಿ ಎಂದೇ ತಿಳಿದರು.

ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ. ಮೊನ್ನೆ ಒಂದು ನಾಣ್ಯ ಕೈಗೆ ಬಂತು. ಅದನ್ನು ನೋಡಿದ ಮೇಲೆ ಬರೆಯಬೇಕು ಅನ್ನಿಸಿತು. ಆದರೆ ಮೊದಲಿನಿಂದ ಹೇಳಬೇಕು.

ನನ್ನ ಕೆಲಸ ಸೂಕ್ಷ್ಮದರ್ಶಕದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನಕ್ಕೆ ಏಳೆಂಟು ಗಂಟೆ ಗಾಜಿನ ಸ್ಲೈಡ್ ನೋಡುತ್ತೇನೆ. 2011ರಲ್ಲಿ, ನಿವೃತ್ತಿಗೆ ಹತ್ತಿರವಿದ್ದ ಸಹೋದ್ಯೋಗಿಯೊಬ್ಬರು ಮಧ್ಯಾಹ್ನ ಊಟದ ಹೊತ್ತಿಗೆ ಜೇಬಿನಿಂದ ಒಂದು ಬೆಳ್ಳಿ ನಾಣ್ಯ ತೆಗೆದು ನನ್ನ ಮುಂದಿಟ್ಟರು. 1829ರ ಅರ್ಧ ಡಾಲರ್. ನಮ್ಮ ಅಜ್ಜಿಯ ಹತ್ತಿರ ಇದ್ದ ವಿಕ್ಟೋರಿಯಾ ರಾಣಿಯ ರೂಪಾಯಿಗಿಂತ ದೊಡ್ಡದು. ಆ ರೂಪಾಯಿ 11.66 ಗ್ರಾಂ ತೂಗುತ್ತದೆ, ಇದು 13.48. ಅಗಲ 32.5 ಮಿಲಿಮೀಟರ್. "ಅಕ್ಷರ ನೋಡು" ಅಂದರು. ಕಡಿಮೆ ಶಕ್ತಿಯ ಲೆನ್ಸ್ ಕೆಳಗಿಟ್ಟು ನೋಡಿದೆ.

ಅಕ್ಷರಗಳು ನೆಟ್ಟಗಿರಲಿಲ್ಲ. ಒಂದು ಅಕ್ಷರ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ. ಎರಡು ನಕ್ಷತ್ರಗಳ ನಡುವಿನ ಜಾಗ ಜಾಸ್ತಿ, ಮುಂದಿನ ಎರಡರ ನಡುವೆ ಕಡಿಮೆ. ಇಷ್ಟು ದೊಡ್ಡ ದೇಶದ ದುಡ್ಡು ಹೀಗಾ ಅಂತ ಕೇಳಿದೆ. ಆಗ ಅವರು ಹೇಳಿದ್ದು ಇವತ್ತಿಗೂ ನೆನಪಿದೆ. ಆ ಕಾಲದಲ್ಲಿ ಅಚ್ಚನ್ನು ಕೈಯಿಂದಲೇ ಮಾಡುತ್ತಿದ್ದರು. ಮುಖ, ಹದ್ದು ಇವಕ್ಕೆ ಒಂದೊಂದು ಉಕ್ಕಿನ ಪಂಚ್ ಇರುತ್ತಿತ್ತು. ಅದನ್ನು ಅಚ್ಚಿನ ಮೇಲೆ ಒತ್ತಿದ ಮೇಲೆ ನಕ್ಷತ್ರಗಳನ್ನು ಒಂದೊಂದಾಗಿ, ಇಸವಿಯ ಅಂಕಿಗಳನ್ನು ಒಂದೊಂದಾಗಿ, ಅಕ್ಷರಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಎಲ್ಲವೂ ತಿರುಗು ಮುರುಗು. ಕೈ ಇವತ್ತು ಹೊಡೆದ ಹಾಗೆ ನಾಳೆ ಹೊಡೆಯುವುದಿಲ್ಲ. ಹಾಗಾಗಿ ಒಂದು ಅಚ್ಚಿನ ಹಾಗೆ ಇನ್ನೊಂದು ಇಲ್ಲ.

ಅದು ನನಗೆ ತಕ್ಷಣ ಹತ್ತಿತು. ಚಿಕ್ಕಂದಿನಲ್ಲಿ ಅಜ್ಜನ ಪೆಟ್ಟಿಗೆಯಲ್ಲಿ ಮೈಸೂರಿನ ತಾಮ್ರದ ಕಾಸುಗಳಿದ್ದವು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಆನೆ, ಅದರ ಮೇಲೆ ಸೂರ್ಯ ಚಂದ್ರ. ಕೆಲವದರ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಎಂಬ ಬರಹ. ಒಂದರ ಆನೆಯ ಸೊಂಡಿಲು ಉದ್ದ, ಇನ್ನೊಂದರದ್ದು ಮೋಟು. ನಾನು ಮಳೆಗಾಲದ ಮಧ್ಯಾಹ್ನಗಳಲ್ಲಿ ಅವನ್ನು ನೆಲದ ಮೇಲೆ ಹರಡಿ ಒಂದೇ ತರದ ಎರಡು ಆನೆ ಹುಡುಕುತ್ತಿದ್ದೆ. ಸಿಕ್ಕಿದ ನೆನಪಿಲ್ಲ. ನಲವತ್ತರ ಹತ್ತಿರ ಬಂದು ಇನ್ನೊಂದು ದೇಶದಲ್ಲಿ ಅದೇ ಆಟ ಮತ್ತೆ ಸಿಕ್ಕಿತು.

1807ರಿಂದ 1836ರವರೆಗೆ ಬಂದ ಈ ಟೋಪಿ ತೊಟ್ಟ ಲಿಬರ್ಟಿಯ ಅರ್ಧ ಡಾಲರುಗಳನ್ನು ಇಲ್ಲಿಯವರು ಬಸ್ಟ್ ಹಾಫ್ ಅನ್ನುತ್ತಾರೆ. ಯಾವ ಮುಂದಿನ ಅಚ್ಚು, ಯಾವ ಹಿಂದಿನ ಅಚ್ಚು ಜೋಡಿಯಾಗಿದ್ದವು ಎಂದು ನೋಡಿ ಪ್ರತಿ ಜೋಡಿಗೂ ಒಂದು ನಂಬರ್ ಕೊಟ್ಟಿದ್ದಾರೆ. ಅಲ್ ಓವರ್ಟನ್ ಎಂಬವರು ಕೊಟ್ಟ ನಂಬರ್‌ಗಳು, ಅದಕ್ಕೇ ಓ-101, ಓ-102 ಎಂದು ಕರೆಯುತ್ತಾರೆ. ಅಂಥ ಜೋಡಿಗಳು ಒಟ್ಟು 450ರ ಆಸುಪಾಸು ಇವೆ. ನೂರು ಬೇರೆ ಬೇರೆ ಜೋಡಿ ಸೇರಿಸಿದವರಿಗೆ ಬಸ್ಟ್ ಹಾಫ್ ನಟ್ ಕ್ಲಬ್ ಎಂಬ ಗುಂಪಿಗೆ ಸೇರಲು ಅವಕಾಶ. ನನ್ನ ಹತ್ತಿರ ಈಗ 41 ಇವೆ. ಆ ಮೊದಲ 1829 ನನಗೇ ಸಿಕ್ಕಿತು. ಸಹೋದ್ಯೋಗಿ ತಾವು ಕೊಟ್ಟ ಬೆಲೆಗೇ ಕೊಟ್ಟರು, 85 ಡಾಲರ್.

ಇಷ್ಟು ಹಳೆಯ ಬೆಳ್ಳಿ ನಮ್ಮಂಥ ಸಂಬಳದವರ ಕೈಗೆ ಹೇಗೆ ಸಿಗುತ್ತದೆ ಎಂದು ಗೆಳತಿಯರು ಕೇಳುತ್ತಾರೆ. ಅದಕ್ಕೊಂದು ಕಾರಣ ಇದೆ, ಆ ಕಾರಣವೇ ಒಂದು ಒಳ್ಳೆಯ ಕಥೆ.

ಅಮೆರಿಕದ ಟಂಕಸಾಲೆ ಹುಟ್ಟಿದ್ದು 1792ರ ಏಪ್ರಿಲ್ 2ರ ಕಾನೂನಿನಿಂದ. ಮೊದಲ ಮುಖ್ಯಸ್ಥ ಡೇವಿಡ್ ರಿಟನ್‌ಹೌಸ್, ಗಡಿಯಾರ ಮಾಡುತ್ತಿದ್ದವರು, ನಕ್ಷತ್ರ ನೋಡುತ್ತಿದ್ದವರು. ಫಿಲಡೆಲ್ಫಿಯಾದ ಏಳನೇ ಬೀದಿಯಲ್ಲಿ ಕಟ್ಟಡ ಏಳುವ ಮೊದಲೇ ಆ ಜುಲೈನಲ್ಲಿ ಜಾನ್ ಹಾರ್ಪರ್ ಎಂಬ ಗರಗಸ ಮಾಡುವವರ ನೆಲಮಾಳಿಗೆಯಲ್ಲಿ ಸುಮಾರು 1500 ಪುಟಾಣಿ ಬೆಳ್ಳಿ ನಾಣ್ಯ ಹೊಡೆದರು. ಹಾಫ್ ಡೀಮ್, ಅಂದರೆ ಐದು ಸೆಂಟ್. ನನ್ನಂಥವರು ಅದನ್ನು ಗಾಜಿನ ಹಿಂದೆ ಮಾತ್ರ ನೋಡಬಹುದು.

ಅದಾದ ಮೇಲೆ ಎರಡು ವರ್ಷ ಬೆಳ್ಳಿಯೇ ಇಲ್ಲ. ಬೆಳ್ಳಿ ಬಂಗಾರ ಮುಟ್ಟುವ ಅಧಿಕಾರಿಗಳು ತಲಾ 10,000 ಡಾಲರ್ ಜಾಮೀನು ಕಟ್ಟಬೇಕು ಎಂದು ಕಾನೂನಿನಲ್ಲಿ ಬರೆದಿದ್ದರು. ಮುಖ್ಯ ನಾಣ್ಯಗಾರ ಹೆನ್ರಿ ವಾಯ್ಟ್, ಲೋಹ ಪರೀಕ್ಷಕ ಆಲ್ಬಿಯನ್ ಕಾಕ್ಸ್ ಇಬ್ಬರಿಗೂ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ 1793ರಲ್ಲಿ ಬರೀ ತಾಮ್ರ ಹೊಡೆದರು. ಜಾಮೀನು ಇಳಿಸಿದ ಮೇಲೆ 1794ರಲ್ಲಿ ಬೆಳ್ಳಿ ಬಂತು. ಆ ವರ್ಷದ ಡಾಲರುಗಳು ಒಟ್ಟು 1758. ಅಕ್ಟೋಬರ್ 15ರಂದು ಒಂದೇ ದಿನ ಒಪ್ಪಿಸಿದರು. ಯಂತ್ರಕ್ಕೆ ಅಷ್ಟು ದೊಡ್ಡ ನಾಣ್ಯ ಒತ್ತುವ ಬಲ ಇರಲಿಲ್ಲ. ಹಾಗಾಗಿ ಎಡಗಡೆಯ ನಕ್ಷತ್ರಗಳು ಮಸುಕು. ಅದರಲ್ಲೊಂದು 2013ರಲ್ಲಿ ಒಂದು ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿಗೆ ಹರಾಜಾಯಿತು.

ಕಾಕ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾನೂನು ಹೇಳಿದ ಪ್ರಕಾರ ನಾಣ್ಯದ 1664 ಪಾಲಿನಲ್ಲಿ 1485 ಪಾಲು ಬೆಳ್ಳಿ ಇರಬೇಕು, ಅಂದರೆ ನೂರಕ್ಕೆ 89.24. ಅಷ್ಟೇ ಇದ್ದರೆ ಬಳಸುತ್ತ ಬಳಸುತ್ತ ನಾಣ್ಯ ಕಪ್ಪಾಗುತ್ತದೆ ಎಂದು ಕಾಕ್ಸ್ ಹಟ ಹಿಡಿದರು. ಕಾನೂನನ್ನು ಬದಿಗಿಟ್ಟು ನೂರಕ್ಕೆ 90 ಬೆಳ್ಳಿ ಹಾಕಿ ನಾಣ್ಯ ಮಾಡಿದರು. ಬೆಳ್ಳಿ ತಂದುಕೊಟ್ಟ ವ್ಯಾಪಾರಿಗಳಿಗೆ ಅದರಿಂದ ನಷ್ಟ ಆಯಿತು, ದೂರು ಸಂಸತ್ತಿನವರೆಗೆ ಹೋಯಿತು. ಇದನ್ನು ಮೊದಲ ಸಲ ಓದಿದಾಗ ನನಗೆ ಅಮ್ಮ ಕಣ್ಣ ಮುಂದೆ ಬಂದರು. ಬೆಳ್ಳಿ ಕಪ್ಪಾಗಬಾರದು ಅನ್ನುವ ಅದೇ ಕಾಳಜಿ. 1794ರ ಫಿಲಡೆಲ್ಫಿಯಾದ ಲೋಹ ಪರೀಕ್ಷಕನಿಗೂ ಸಾಗರದ ನಮ್ಮಮ್ಮನಿಗೂ ಒಂದೇ ಚಿಂತೆ.

ಆ ಬೆಳ್ಳಿ ಎಲ್ಲಿಂದ ಬರುತ್ತಿತ್ತು ಅಂದರೆ, ಬಹಳಷ್ಟು ಸ್ಪೇನಿನ ಡಾಲರುಗಳನ್ನು ಕರಗಿಸಿ. ಮೆಕ್ಸಿಕೊ, ಪೆರು ಕಡೆಯ ಗಣಿಗಳ ಬೆಳ್ಳಿ. ಆ ಸ್ಪೇನಿನ ಡಾಲರೇ ಆಗ ಲೋಕದ ದುಡ್ಡು. ಅಮೆರಿಕದಲ್ಲೂ 1857ರವರೆಗೆ ಅದು ಕಾನೂನಿಗೆ ಒಪ್ಪಿದ ಹಣವಾಗಿಯೇ ಇತ್ತು. ನಮ್ಮ ದೇಶಕ್ಕೂ ಬಂತು. 1784ರಲ್ಲಿ ಫಿಲಡೆಲ್ಫಿಯಾದಿಂದ ಹೊರಟ ಯುನೈಟೆಡ್ ಸ್ಟೇಟ್ಸ್ ಎಂಬ ಹೆಸರಿನ ಹಡಗು ಪಾಂಡಿಚೇರಿ ಮುಟ್ಟಿತು. ಆಮೇಲೆ ಅಮೆರಿಕದ ಸೇಲಂ, ಬಾಸ್ಟನ್ ಊರುಗಳ ಹಡಗುಗಳು ಬೆಳ್ಳಿ ತುಂಬಿಕೊಂಡು ಕಲ್ಕತ್ತೆಗೆ, ಮದ್ರಾಸಿಗೆ ಹೋಗಿ ಬಟ್ಟೆ ತರುತ್ತಿದ್ದವು. ಮದ್ರಾಸಿನ ಟಂಕಸಾಲೆ 1808ರ ಸುಮಾರಿಗೆ ಸ್ಪೇನಿನ ಡಾಲರುಗಳ ಮೇಲೆಯೇ ತನ್ನ ಅಚ್ಚು ಒತ್ತಿ ಅರ್ಧ ಪಗೋಡಾ ಮಾಡಿತು. ಪಗೋಡಾ ಅಂದರೆ ನಮ್ಮ ವರಹ. ಒಂದು ಕಡೆ ಗೋಪುರ, ಇನ್ನೊಂದು ಕಡೆ ವಿಷ್ಣು. ಬಾಲ್ಟಿಮೋರಿನ ನಾಣ್ಯ ಮೇಳದಲ್ಲಿ ಒಮ್ಮೆ ಒಬ್ಬರು ಅದನ್ನು ನನ್ನ ಕೈಗೆ ಕೊಟ್ಟರು. ಗೋಪುರದ ಅಡಿಯಲ್ಲಿ ಸ್ಪೇನಿನ ರಾಜನ ಮುಖದ ಅಂಚು ಇನ್ನೂ ಕಾಣುತ್ತಿತ್ತು. ಕೊಳ್ಳಲಿಲ್ಲ, ಆದರೆ ತುಂಬ ಹೊತ್ತು ಹಿಡಿದುಕೊಂಡಿದ್ದೆ.

ಇನ್ನು ಅರ್ಧ ಡಾಲರಿನ ಕಥೆ. ಅಮೆರಿಕ ಹೊಸ ಬೆಳ್ಳಿ ಡಾಲರ್ ಹೊಡೆದ ಹಾಗೆಲ್ಲ ವ್ಯಾಪಾರಿಗಳು ಅದನ್ನು ವೆಸ್ಟ್ ಇಂಡೀಸಿಗೆ ಒಯ್ದು, ತೂಕದಲ್ಲಿ ತುಸು ಹೆಚ್ಚಿದ್ದ ಸ್ಪೇನಿನ ಡಾಲರಿಗೆ ಒಂದಕ್ಕೊಂದು ಬದಲಾಯಿಸಿ ತರುತ್ತಿದ್ದರು. ಆಮೇಲೆ ಆ ಸ್ಪೇನಿನ ಬೆಳ್ಳಿಯನ್ನು ಟಂಕಸಾಲೆಗೆ ಕೊಟ್ಟು ಮತ್ತೆ ಹೊಸ ಡಾಲರ್. ದೇಶದಲ್ಲಿ ಒಂದೂ ಉಳಿಯುತ್ತಿರಲಿಲ್ಲ. 1804ರಲ್ಲಿ ಡಾಲರ್ ಹೊಡೆಯುವುದನ್ನೇ ನಿಲ್ಲಿಸಿದರು. ಆಮೇಲೆ ಮೂವತ್ತು ವರ್ಷ ಅರ್ಧ ಡಾಲರೇ ಅತಿ ದೊಡ್ಡ ಬೆಳ್ಳಿ ನಾಣ್ಯ. ಬ್ಯಾಂಕುಗಳು ಅದನ್ನು ಚೀಲಗಟ್ಟಲೆ ತಿಜೋರಿಯಲ್ಲಿಟ್ಟು, ತಮ್ಮ ತಮ್ಮಲ್ಲೇ ಲೆಕ್ಕ ತೀರಿಸಲು ಬಳಸುತ್ತಿದ್ದವು. ಜನರ ಕೈಗೆ ಹೋಗಿ ಸವೆದದ್ದು ಕಡಿಮೆ. ಅದಕ್ಕೇ ಇವತ್ತಿಗೂ ಮುಖದ ಗುಂಗುರು ಕೂದಲು ಉಳಿದ ನಾಣ್ಯ ಸಾಧಾರಣ ಬೆಲೆಗೆ ಸಿಗುತ್ತದೆ. 1829ರಲ್ಲಿ ಹೊಡೆದದ್ದು 37,12,156. ಹೋಲಿಕೆಗೆ ಹೇಳಬೇಕು ಅಂದರೆ 1796, 1797 ಎರಡೂ ವರ್ಷ ಸೇರಿ ಅರ್ಧ ಡಾಲರ್ ಬಂದದ್ದು ಬರೀ 3918. ಅವುಗಳ ಕಡೆ ನಾನು ಹೋಗುವುದಿಲ್ಲ.

1804 ಅಂದಾಗ ಎಲ್ಲರೂ 1804ರ ಡಾಲರಿನ ಬಗ್ಗೆ ಕೇಳುತ್ತಾರೆ. ಆ ಇಸವಿ ಹೊತ್ತ ಡಾಲರ್ 1804ರಲ್ಲಿ ಒಂದೂ ಆಗಲಿಲ್ಲ. 1834ರಲ್ಲಿ ಸಯಾಮಿನ ರಾಜನಿಗೆ, ಮಸ್ಕತ್ತಿನ ಸುಲ್ತಾನನಿಗೆ ಕಾಣಿಕೆ ಕಳಿಸಲು ಹಳೇ ಇಸವಿ ಹಾಕಿ ಮಾಡಿದರು. ಆಮೇಲೆ ಮಾಡಿದ್ದೂ ಸೇರಿ ಈಗ ಗೊತ್ತಿರುವುದು ಒಟ್ಟು 16. ಪ್ರಸಿದ್ಧ ನಾಣ್ಯ, ಆದರೆ ನನ್ನ ಮನಸ್ಸು ಅಷ್ಟಾಗಿ ಅದರ ಕಡೆ ಹೋಗಿಲ್ಲ. ಅದು ಅರಮನೆಗೆಂದೇ ಹುಟ್ಟಿದ್ದು. ನನಗೆ ಕೆಲಸದ ನಾಣ್ಯ ಬೇಕು, ಕೆಲಸಗಾರರ ಕೈ ಕಾಣಬೇಕು.

ಆ ಕೈ ಎಲ್ಲಿ ಜಾಸ್ತಿ ಕಾಣುತ್ತದೆ ಗೊತ್ತಾ? ತಪ್ಪುಗಳಲ್ಲಿ. ಅಚ್ಚಿನ ಉಕ್ಕು ದುಬಾರಿ, ಅದನ್ನು ಹದ ಮಾಡುವುದು ಕಷ್ಟ. ವರ್ಷ ಮುಗಿಯಿತು ಎಂದು ಒಳ್ಳೆಯ ಅಚ್ಚನ್ನು ಎಸೆಯುವ ಹಾಗಿರಲಿಲ್ಲ. ಹಳೆಯ ಅಂಕಿಯ ಮೇಲೆ ಹೊಸ ಅಂಕಿ ಹೊಡೆಯುತ್ತಿದ್ದರು. 1815ರ ಅರ್ಧ ಡಾಲರುಗಳಲ್ಲಿ 5ರ ಅಡಿಯಲ್ಲಿ 2 ಕಾಣುತ್ತದೆ. ಬ್ರಿಟನ್ ಜೊತೆ ಯುದ್ಧ ಆಗಷ್ಟೇ ಮುಗಿದಿತ್ತು, ಬೆಳ್ಳಿ ಬರುತ್ತಿರಲಿಲ್ಲ, ಆ ಇಸವಿಯವು ಬರೀ 47,150. ಮರುವರ್ಷ ಜನವರಿಯಲ್ಲಿ ಟಂಕಸಾಲೆಯ ಗಿರಣಿ ಮನೆಗೆ ಬೆಂಕಿ ಬಿತ್ತು. 1816 ಎಂಬ ಇಸವಿಯ ಬೆಳ್ಳಿ ನಾಣ್ಯವೇ ಇಲ್ಲ. ನನ್ನ ಟ್ರೇಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

1807ರಲ್ಲಿ ಒಬ್ಬರು 50 ಎಂದು ಒತ್ತುವ ಬದಲು 2 ಒತ್ತಿದರು. ಆಮೇಲೆ ಅದರ ಮೇಲೆ 5 ಹೊಡೆದರು. 1813ರಲ್ಲಿ ಇನ್ನೂ ಚೆಂದ. ದೇಶದ ಹೆಸರು ಒತ್ತಲು ಶುರು ಮಾಡಿ, ಮೂರು ಅಕ್ಷರ, ಯು, ಎನ್, ಐ, ಹೊಡೆದಾದ ಮೇಲೆ ಗೊತ್ತಾಗಿದೆ, ಇದು ಬೆಲೆ ಬರೆಯುವ ಜಾಗ ಎಂದು. ಅದರ ಮೇಲೆಯೇ 50 ಸಿ ಒತ್ತಿದರು. ಆ ಮೂರು ಅಕ್ಷರದ ಕಾಲುಗಳು ಇನ್ನೂ ಇಣುಕುತ್ತವೆ. ಈ 1813 ನನಗೆ ಸಿಕ್ಕಿದ್ದು ಬಾಲ್ಟಿಮೋರಿನಲ್ಲಿ, ಸಾದಾ 1813 ಎಂದು ಚೀಟಿ ಹಚ್ಚಿದ್ದ ಸವೆದ ನಾಣ್ಯಗಳ ಟ್ರೇಯಲ್ಲಿ. ಭೂತಗನ್ನಡಿ ಹಿಡಿದ ಕೈ ನಡುಗಿತು. ಬೆಲೆ ಕೊಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮತ್ತೆ ನೋಡಿದೆ. ಹೌದು. ಇತ್ತು.

ಅಂಚನ್ನೂ ನೋಡಬೇಕು, ಬಹಳ ಜನ ಬಿಡುತ್ತಾರೆ. ಈ ಅರ್ಧ ಡಾಲರುಗಳ ಅಂಚಿನ ಸುತ್ತ ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್ ಎಂಬ ಬರಹ ಇದೆ. ನಾಣ್ಯ ಒತ್ತುವ ಮೊದಲು ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸುತ್ತಿದ್ದರು. ಒಂದು ಪಟ್ಟಿ ಅಲುಗಾಡದು, ಇನ್ನೊಂದು ಸರಿಯುತ್ತದೆ. ಅರ್ಧ ಸುತ್ತಿಗೆ ಎರಡೂ ಪಟ್ಟಿಯ ಅಕ್ಷರ ಕೂತುಬಿಡುತ್ತದೆ. ಬಿಲ್ಲೆ ಜಾರಿದರೆ ಅಕ್ಷರದ ಮೇಲೆ ಅಕ್ಷರ. ನನ್ನ ಹತ್ತಿರದ 1834ರಲ್ಲಿ ಹಾಗೆ ಆಗಿದೆ, ಹಾಫ್ ಎಂಬ ಪದ ಓದಲು ಬರುವುದಿಲ್ಲ. 1836ರ ಕೊನೆಗೆ ಉಗಿಯಂತ್ರ ಬಂತು. ಅಂಚಿಗೆ ಬರೀ ಗೆರೆ ಬಂತು. ನನ್ನ ಸಂಗ್ರಹ ಅಲ್ಲಿಗೆ ನಿಲ್ಲುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ಮೂರು ಮಾತು. ತಕ್ಕಡಿ ಮೊದಲು ಕೊಳ್ಳಿ, ನಾಣ್ಯ ಆಮೇಲೆ. 2015ರಲ್ಲಿ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ 400 ಡಾಲರಿಗೆ 1799ರ ಬೆಳ್ಳಿ ಡಾಲರ್ ಕೊಂಡೆ. ಅಸಲಿಗೆ ಅಷ್ಟು ಕಡಿಮೆ ಬೆಲೆ ಇರುವುದಿಲ್ಲ ಎಂದು ಗೊತ್ತಿದ್ದೂ ಆಸೆ ತಡೆಯಲಿಲ್ಲ. 26.96 ಗ್ರಾಂ ಇರಬೇಕಾದದ್ದು 24ರ ಹತ್ತಿರ ನಿಂತಿತು. ಅಂಚಿನಲ್ಲಿ ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್ ಎಂದು ಇರಬೇಕು, ಅಲ್ಲಿ ಬರಹವೇ ಇಲ್ಲ. ಜಗಳ ಆಡಿ ದುಡ್ಡು ವಾಪಸ್ ತಂದೆ. ಎರಡನೆಯದು, ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಪಿವಿಸಿ ಬಿಟ್ಟುಕೊಂಡು ಹಸಿರು ಅಂಟು ಕೂರುತ್ತದೆ. ಕೂತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಒರೆಸಬೇಡಿ. ಮೂರನೆಯದು ನೀವು ಊಹಿಸಿದ್ದೇ. ಬೆಳಗಬೇಡಿ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ವಿಭೂತಿ ಕೈಗೆ ಎಷ್ಟೇ ನುಣುಪು ಅನ್ನಿಸಿದರೂ ಬೆಳ್ಳಿಯ ಮೇಲೆ ಸಾವಿರ ಗೀರು ಬಿಡುತ್ತದೆ. ಗ್ರೇಡಿಂಗ್ ಮಾಡುವವರಿಗೆ, ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಅದು ಒಂದು ನೋಟಕ್ಕೆ ಗೊತ್ತಾಗುತ್ತದೆ. ಅಂಕ ಕೊಡುವುದಿಲ್ಲ, ತಿಕ್ಕಿದ್ದು ಎಂದು ಬರೆದು ಕಳಿಸುತ್ತಾರೆ. ಬೆಲೆ ಅರ್ಧಕ್ಕೆ ಇಳಿಯುತ್ತದೆ. ಈಗ ಅಜ್ಜನ ಕಾಲದ ನಾಣ್ಯ ಹೊರತೆಗೆದು ಫೋಟೋ ಕಳಿಸಿ, ಅಕ್ಕಾ ಇದನ್ನು ತೊಳೆಯಲಾ ಎಂದು ಕೇಳುವವರಿಗೆಲ್ಲ ನಾನು ಒಂದೇ ಸಮನೆ ಬೇಡ ಬೇಡ ಅನ್ನುತ್ತೇನೆ.

ಆ 1812ಕ್ಕೆ ವಾಪಸ್ ಬರುತ್ತೇನೆ.

ಹಬ್ಬ ಕಳೆದ ಮೇಲೆ ಮೂರು ವಾರ ಅದನ್ನು ಮುಟ್ಟಲಿಲ್ಲ. ಒಂದು ಭಾನುವಾರ ಮನೆಯ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಗೀರುಗಳು ಕಾಣುತ್ತವೆ ಎಂದು ಗೊತ್ತಿತ್ತು, ಕಂಡವು. ಮುಖದ ಮೇಲೆ, ಖಾಲಿ ಜಾಗದ ಮೇಲೆ, ಅಮ್ಮನ ಹೆಬ್ಬೆರಳು ಸುತ್ತಿದ ದಿಕ್ಕಿಗೆ ಸುತ್ತು ಸುತ್ತಾಗಿ. ನಾನು ಹುಡುಕುತ್ತಿದ್ದದ್ದು ಹದಿಮೂರನೇ ನಕ್ಷತ್ರವನ್ನು.

ಈ ನಾಣ್ಯದ ಚಿತ್ರ ಮಾಡಿದವರು ಜಾನ್ ರೈಖ್. ಜರ್ಮನಿಯಿಂದ ಬಂದವರು. ಬರುವಾಗ ಹಡಗಿನ ಖರ್ಚು ತೀರಿಸಲು ಕರಾರಿನ ಮೇಲೆ ದುಡಿಯಬೇಕಾಗಿತ್ತು. 1807ರಲ್ಲಿ ಟಂಕಸಾಲೆ ಅವರನ್ನು ಸಹಾಯಕ ಕೆತ್ತನೆಗಾರನಾಗಿ ತೆಗೆದುಕೊಂಡಿತು. ವರ್ಷಕ್ಕೆ 600 ಡಾಲರ್. ಮುಖ್ಯ ಕೆತ್ತನೆಗಾರ ರಾಬರ್ಟ್ ಸ್ಕಾಟ್‌ಗೆ 1200. ರೈಖ್ ಬಂದ ಮೇಲೆ ಒಂದೊಂದಾಗಿ ನಾಣ್ಯಗಳ ಚಿತ್ರ ಹೊಸದಾದವು. ಹತ್ತು ವರ್ಷ ದುಡಿದರು. ಸಂಬಳ ಒಂದು ಡಾಲರೂ ಏರಲಿಲ್ಲ. 1817ರಲ್ಲಿ ಬಿಟ್ಟು ಹೋದರು.

ನಾಣ್ಯದ ಮೇಲೆ ಕೆತ್ತಿದವರ ಹೆಸರು ಇಲ್ಲ. ಆದರೆ ಆ ಹತ್ತು ವರ್ಷದ ಅರ್ಧ ಡಾಲರುಗಳಲ್ಲಿ, ಎಡಕ್ಕೆ ಏಳು, ಬಲಕ್ಕೆ ಆರು ನಕ್ಷತ್ರ ಎಣಿಸಿಕೊಂಡು ಹೋದರೆ, ಕೊನೆಯ ನಕ್ಷತ್ರದ, ಅಂದರೆ ಇಸವಿಯ ಬಲಕ್ಕೆ ಕೆಳಗಿರುವ ಹದಿಮೂರನೆಯದರ, ಹೊರಗಿನ ಮೊನೆಯಲ್ಲಿ ಒಂದು ಪುಟ್ಟ ಕಚ್ಚು ಇರುತ್ತದೆ. ಬೇಕೆಂದೇ ಚೂರು ತೆಗೆದ ಹಾಗೆ. ಅದು ರೈಖ್ ಹಾಕಿದ ರುಜು ಎಂದು ಸಂಗ್ರಾಹಕರು ನಂಬುತ್ತಾರೆ. ಕಾಗದಪತ್ರದ ಸಾಕ್ಷಿ ಇಲ್ಲ. ನನಗೆ ಬೇಕಾಗಿಯೂ ಇಲ್ಲ. ಅಚ್ಚು ಸವೆದು ಬದಲಾದ ಹಾಗೆಲ್ಲ, ಹೊಸ ಅಚ್ಚಿನಲ್ಲೂ ಅದೇ ನಕ್ಷತ್ರದಲ್ಲಿ, ಅದೇ ಮೊನೆಯಲ್ಲಿ ಕಚ್ಚು ಸುಮ್ನೆ ಬೀಳುತ್ತದಾ?

1812ರಲ್ಲಿ ಹೊಡೆದ ಅರ್ಧ ಡಾಲರ್ 16,28,059. ಆ ವರ್ಷ ಮಾರ್ಚಿನಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರು ತೀರಿಕೊಂಡರು. ನಾನು ಇಸವಿಗಳನ್ನು ನೆನಪಿಡುವುದೇ ಹೀಗೆ, ಇಲ್ಲಿಯದೊಂದು, ನಮ್ಮ ಕಡೆಯದೊಂದು. ಲೆನ್ಸ್ ಸರಿ ಮಾಡಿಕೊಂಡು ಕೆಳಗೆ ಬಂದೆ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರು. ಕಚ್ಚು ಇತ್ತು. ಅಮ್ಮನ ಬೆರಳು ಅಷ್ಟು ಆಳಕ್ಕೆ ಹೋಗಿರಲಿಲ್ಲ. ಸಂದಿಯಲ್ಲಿ ಸ್ವಲ್ಪ ವಿಭೂತಿ ಕೂತು ಬಿಳಿಯಾಗಿ ಇನ್ನೂ ಸ್ಪಷ್ಟ ಕಾಣುತ್ತಿತ್ತು.

ಅಮ್ಮನನ್ನು ಕರೆದೆ. ಅವರು ಕನ್ನಡಕ ತೆಗೆದು ಕಣ್ಣು ಇಟ್ಟು ಬಹಳ ಹೊತ್ತು ನೋಡಿದರು. ನಾನು ರೈಖ್ ಕಥೆ ಹೇಳಿದೆ. ಹತ್ತು ವರ್ಷ ಒಂದೇ ಸಂಬಳ ಎಂದಾಗ ತಲೆ ಎತ್ತಿ, "ಯಾರೂ ಕೇಳಲಿಲ್ಲವಾ ಪಾಪ?" ಅಂದರು. ಆಮೇಲೆ ಮೆಲ್ಲಗೆ, "ನಾನು ತಿಕ್ಕಬಾರದಿತ್ತು, ಅಲ್ವಾ?" ಎಂದು ಕೇಳಿದರು. ನಾನು ಹೇಳಿರಲಿಲ್ಲ. ಅವರಿಗೇ ತಿಳಿದಿತ್ತು. ಆ ನಾಣ್ಯವನ್ನು ಮಾರಿಲ್ಲ, ಮಾರುವುದೂ ಇಲ್ಲ. ಪ್ರತಿ ಶ್ರಾವಣ ಕಲಶದ ಮುಂದೆ ಕೂರುವುದು ಅದೇ. ಈಗ ಅದಕ್ಕೆ ಮತ್ತೆ ತೆಳ್ಳಗೆ ಬಣ್ಣ ಬರುತ್ತಿದೆ, ಅಂಚಿನಲ್ಲಿ ಹುಲ್ಲಿನ ಹಳದಿ.

ಕೆಲವು ಶನಿವಾರ ವುಡ್‌ಕ್ರೆಸ್ಟ್ ನಿಲ್ದಾಣದಿಂದ ರೈಲು ಹತ್ತಿ ನದಿ ದಾಟಿ ಫಿಲಡೆಲ್ಫಿಯಾಕ್ಕೆ ಹೋಗುತ್ತೇನೆ. ಎಂಟನೇ ಬೀದಿಯಲ್ಲಿ ಇಳಿದು ಏಳನೇ ಬೀದಿಯವರೆಗೆ ನಡೆದರೆ ಮೊದಲ ಟಂಕಸಾಲೆ ಇದ್ದ ಜಾಗ. ಹಳೆಯ ಕಟ್ಟಡ ಉಳಿದಿಲ್ಲ. ಕುದುರೆಗಳು ಬೆಳ್ಳಿ ಒತ್ತುವ ಗಿರಣಿ ತಿರುಗಿಸುತ್ತಿದ್ದ ಜಾಗ ಅದು. ಹಳದಿ ಜ್ವರ ಬಂದ ಬೇಸಿಗೆಗಳಲ್ಲಿ, 1797, 1798, 1799, ಬಾಗಿಲು ಮುಚ್ಚಿ ಜನ ಊರು ಬಿಟ್ಟಿದ್ದರು. ಟಂಕಸಾಲೆಯ ಖಜಾಂಚಿ, ಡಾಕ್ಟರ್ ನಿಕೊಲಸ್ ವೇ, 1797ರಲ್ಲಿ ಅದೇ ಜ್ವರಕ್ಕೆ ತೀರಿಕೊಂಡರು. ಅಲ್ಲಿ ನಿಂತು ನೋಡುವಂಥದ್ದು ಏನೂ ಇಲ್ಲ. ಆದರೂ ನಿಲ್ಲುತ್ತೇನೆ.

ಮೊನ್ನೆ ಕೈಗೆ ಬಂದದ್ದು 1818ರ ಅರ್ಧ ಡಾಲರ್. ಚೆನ್ನಾಗಿದೆ, ಯಾರೂ ತಿಕ್ಕಿಲ್ಲ, ಬೂದು ಬಣ್ಣ ತುಂಬಿಕೊಂಡಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ದೀಪ ಹಚ್ಚಿ ಕೂತೆ. ಅದೇ ಮುಖ, ಅದೇ ಟೋಪಿ, ಅದೇ ಹದ್ದು. ಉತ್ತರ ಗೊತ್ತಿದ್ದೂ ಎಣಿಸಿದೆ. ಹನ್ನೊಂದು, ಹನ್ನೆರಡು, ಹದಿಮೂರು. ನಕ್ಷತ್ರದ ಆರು ಮೊನೆಯೂ ಪೂರ್ತಿ ಇದ್ದವು. ಸಾಗರದಲ್ಲಿ ಆಗ ಬೆಳಗಾಗಿತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಕಚ್ಚು ಇದೆಯಾ?" ಎಂದು ಅವರೇ ಮೊದಲು ಕೇಳಿದರು.

"ಇಲ್ಲ ಅಮ್ಮ" ಅಂದೆ. "ಅವರು ಹೋಗಿಬಿಟ್ಟಿದ್ದರು."